ಬ್ಯಾಟರಿ ಸತ್ತದ ಅಂತ ಒಪ್ಪಿಕೊಳ್ಳೋಕಿಂತ ಮೊದಲ

ಬ್ಯಾಸಗಿ ಮುಗೀಲಿಕ್ಕೆ ಬಂತಂದ್ರ ನಮ್ಮ ಹುಬ್ಬಳ್ಳಿ-ಧಾರವಾಡದಾಗ ಅಡ್ಡಮಳಿ ಶುರು. ಸಂಜಿ ಆತಂದ್ರ ಮೋಡ ಕಟ್ಟತದ, ಗಾಳಿ ಬಿಡತದ, ಎಲ್ಲೋ ಒಂದು ಟೊಂಗಿ ತಂತಿ ಮ್ಯಾಲೆ ಬಿತ್ತಂದ್ರ ಓಣಿಗೆ ಓಣಿನ ಕತ್ತಲಿ. ಆವಾಗ ಮೂಲ್ಯಾಗ ಕೂತ ಇನ್ವರ್ಟರಿನ ನೆನಪು ಎಲ್ಲಾರಿಗೂ ಬರ್ತದ. ಹತ್ತು ನಿಮಿಷ ಫ್ಯಾನ್ ತಿರುಗಿ, ಟೀಂ ಟೀಂ ಅಂತ ಕೂಗಿ ಅದೂ ಬಂದ್ ಆತಂದ್ರ ಮರುದಿನ ಮುಂಜಾನೆ ಅಂಗಡಿಗೆ ಫೋನು. ಬಂದ ಹುಡುಗ ಎರಡು ನಿಮಿಷ ನೋಡ್ತಾನ, ಒಂದ ಮಾತು ಹೇಳ್ತಾನ: "ಬ್ಯಾಟರಿ ಹೋಗೇದರಿ ಅಕ್ಕಾರ, ಹೊಸಾದು ಹಾಕಸ್ರಿ." ಹದಿನೈದು ಸಾವಿರದ ಆಸುಪಾಸಿನ ಮಾತದು.

ಆ ಮಾತಿಗೆ ಕೂಡಲೇ ಹೂಂ ಅನಬ್ಯಾಡ್ರಿ ಅಂತ ಹೇಳೂದಕ್ಕ ಇವತ್ತು ಬರೀಲಿಕ್ಕೆ ಕೂತೀನಿ. ಇನ್ನೊಂದು ಮಾತೂ ಅದ. ಇನ್ವರ್ಟರ್ ನೋಡಿಕೊಳ್ಳೋ ಕೆಲಸ ಮನಿ ಹೆಣ್ಣಮಕ್ಕಳ ಕೈಯಾಗ ಇರಬೇಕು. ಕರೆಂಟು ಹೋದಾಗ ಮನ್ಯಾಗ ಇರೋವ್ರು ಯಾರು? ನಾವ. ಹಾಸಿಗಿ ಹಿಡಿದ ಅತ್ಯಾರ ಗಾಳಿ ಹಾಸಿಗಿ ನಿಂತ್ರ, ಕೂಸಿನ ನೆಬ್ಯುಲೈಸರ್ ನಿಂತ್ರ ಓಡಾಡೋವ್ರು ಯಾರು? ನಾವ. ಹಂಗಿದ್ದಾಗ ಅದರ ಹೊಟ್ಟಿ ಒಳಗ ಏನದ ಅನ್ನೂದು ನಮಗ ಗೊತ್ತಿಲ್ಲಂದ್ರ ಹೆಂಗ?

"ಅದು ಗಂಡಸರ ಕೆಲಸ, ಆಸಿಡ್ ಇರ್ತದ, ಕೈ ಹಚ್ಚಬ್ಯಾಡ್ರಿ" ಅಂತಾರ. ಸಿಲಿಂಡರ್ ಬದಲಿ ಮಾಡೋವ್ರು ನಾವು, ಕುಕ್ಕರಿನ ವಾಲ್ವ್ ನೋಡೋವ್ರು ನಾವು, ಕಾದ ಎಣ್ಣಿ ಮುಂದ ದಿನಾ ನಿಲ್ಲೋವ್ರು ನಾವು. ಪರದೇಶದಾಗ ಗಾಡಿ ಒಳಗ ಮನಿ ಮಾಡ್ಕೊಂಡು ವಾರಗಟ್ಟಲೆ ತಿರಗೋ ಸಂಸಾರ ಅವ. ಅವರ ದೀಪ, ಫ್ಯಾನು, ನೀರಿನ ಪಂಪು ಎಲ್ಲಾ ನಮ್ಮ ಇನ್ವರ್ಟರಿನಂಥಾದ 12 ವೋಲ್ಟಿನ ಬ್ಯಾಟರಿ ಮ್ಯಾಲೆ ನಡೀತಾವ. ನಡು ಅಡವ್ಯಾಗ ಬ್ಯಾಟರಿ ಕೈ ಕೊಟ್ರ ಅಲ್ಲಿ ಯಾವ ಹುಡುಗನೂ ಬರೂದಿಲ್ಲ. ಅದಕ್ಕ ಗಾಡ್ಯಾಗ ಇರೋವ್ರ ಒಂದೊಂದಾಗಿ ತಪಾಸಣಿ ಮಾಡ್ತಾರ. ಆ ರೂಢಿ ನಮ್ಮ ಮನಿಗೂ ಬೇಕು.

ಮೊದಲ ಬ್ಯಾಟರಿ ಅಂದ್ರ ಏನು ನೋಡೋಣು. 1859ರಾಗ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಅನ್ನೋವ್ರು ಮಾಡಿದ ಸೀಸದ ಬ್ಯಾಟರಿನ ಇವತ್ತಿಗೂ ನಮ್ಮ ಮನ್ಯಾಗ ಕೂತದ. ಒಳಗ ಆರು ಕ್ವಾಣಿ, ಒಂದೊಂದು ಕ್ವಾಣಿಗೆ ಸುಮಾರು 2 ವೋಲ್ಟು. ಸೀಸದ ಪಟ್ಟಿ, ಅದು ಮುಳುಗೋ ಹಂಗ ಆಸಿಡ್ ಕೂಡಿಸಿದ ನೀರು. ಚಾರ್ಜ್ ಆಗೋವಾಗ ಒಳಗಿನ ನೀರು ಸ್ವಲ್ಪ ಸ್ವಲ್ಪ ಗ್ಯಾಸ್ ಆಗಿ ಹೊರಗ ಹೋಗ್ತದ. ಆಸಿಡ್ ಅಲ್ಲೇ ಉಳೀತದ. ಹಿಂಗಾಗಿ ಕಡಿಮಿ ಬಿದ್ದಾಗ ಹಾಕಬೇಕಾದ್ದು ಬ್ಯಾಟರಿ ನೀರು, ಅಂದ್ರ ಡಿಸ್ಟಿಲ್ಡ್ ವಾಟರ್ ಅಷ್ಟ. ಆಸಿಡ್ ಬ್ಯಾಡ, ನಳದ ನೀರು ಬ್ಯಾಡ, ಬೋರಿನ ನೀರಂತೂ ಬ್ಯಾಡವ ಬ್ಯಾಡ. ಪಾತೇಲಿಗೆ ಬಿಳೇದು ಹತ್ತತದಲ್ಲಾ, ಆ ಉಪ್ಪು ಸೀಸದ ಪಟ್ಟಿನೂ ಕೆಡಸ್ತದ.

ಈಗ ತಪಾಸಣಿ. ಕ್ರಮ ತಪ್ಪಬಾರದು, ಯಾಕಂದ್ರ ಮೊದಲಿನ ನಾಲ್ಕರಾಗ ರೊಕ್ಕ ಭಾಳ ಹೋಗೂದಿಲ್ಲ.

ಒಂದು, ಬ್ಯಾಟರಿಗೆ ಚಾರ್ಜ್ ಆಗ್ಲಿಕ್ಕೆ ಹತ್ತೇದೋ ಇಲ್ಲೋ. ಇನ್ವರ್ಟರಿನ ಪ್ಲಗ್ ಸಡಲ ಆಗಿರ್ತದ, ಇಲ್ಲಾ ಕಸ ಹೊಡಿಯೋವಾಗ ಯಾರೋ ಸ್ವಿಚ್ ಆರಿಸಿರ್ತಾರ, ಇಲ್ಲಾ ಎಂ.ಸಿ.ಬಿ. ಬಿದ್ದಿರ್ತದ. ಕರೆಂಟಿದ್ದಾಗ ಮೇನ್ಸ್ ದೀಪ ಹತ್ತಿರಬೇಕು. ಇನ್ನೊಂದು ಗುಟ್ಟು ಅದ. ಭಾಳಷ್ಟು ಇನ್ವರ್ಟರಿಗೆ ಯು.ಪಿ.ಎಸ್. ಅಂತ ಒಂದು ಸ್ವಿಚ್ ಇರ್ತದ. ಅದನ್ನ ಹಾಕಿದ್ರ, ವೋಲ್ಟೇಜ್ ಸುಮಾರು 180ರ ಕೆಳಗ ಇಳೀತಂದ್ರ ಸಾಕು, ಕರೆಂಟು ಹೋತು ಅಂತ ತಿಳಕೊಂಡು ಇನ್ವರ್ಟರು ಬ್ಯಾಟರಿ ಮ್ಯಾಲೆ ಹೋಗ್ತದ. ಸಂಜಿಮುಂದ ವೋಲ್ಟೇಜ್ ಕಡಿಮಿ ಬರೋ ಓಣ್ಯಾಗ ಕರೆಂಟಿದ್ರೂ ಬ್ಯಾಟರಿ ಸುಮ್ನ ಖಾಲಿ ಆಗ್ತಿರ್ತದ. ಮನ್ಯಾಗ ಕಂಪ್ಯೂಟರ್ ಇಲ್ಲಂದ್ರ ಆ ಸ್ವಿಚ್ ನಾರ್ಮಲ್‌ಗೆ ಇಡ್ರಿ. ದಿನಾಲೂ ವೋಲ್ಟೇಜ್ ಕಡಿಮಿ ಇದ್ರ ಅದು ಬ್ಯಾಟರಿ ಅಂಗಡಿ ಕೆಲಸ ಅಲ್ಲ, ಹೆಸ್ಕಾಂದ ಕೆಲಸ. 1912ಕ್ಕ ಫೋನ್ ಹಚ್ಚಿ ದೂರು ಬರಸ್ರಿ.

ಎರಡು, ಹೊರೆ. 150 ಎ.ಎಚ್. ಬ್ಯಾಟರಿ ಅಂದ್ರ 12ರಿಂದ ಗುಣಿಸ್ರಿ, 1800 ಆಗ್ತದ. ಕಾಗದದ ಮ್ಯಾಲೆ 100 ವ್ಯಾಟಿನ ಸಾಮಾನು 18 ತಾಸು ನಡೀಬೇಕು, ಕೈಗೆ ಸಿಗೂದು ಹನ್ನೆರಡರ ಆಸುಪಾಸು. ಹಳೇ ಸೀಲಿಂಗ್ ಫ್ಯಾನು ಒಂದಕ್ಕ 75 ವ್ಯಾಟು, ಈಗಿನ ಬಿ.ಎಲ್.ಡಿ.ಸಿ. ಫ್ಯಾನಿಗೆ 30ರ ಸುಮಾರು, ಎಲ್.ಇ.ಡಿ. ಬಲ್ಬಿಗೆ 9. ಇಸ್ತ್ರಿಗೆ 1000. ಚಟ್ನಿ ರುಬ್ಬೋ ಮಿಕ್ಸರಿಗೆ 500ರಿಂದ 750. ಅಡಗಿಮನಿ ಪ್ಲಗ್ಗನ್ನೂ ಇನ್ವರ್ಟರಿಗೆ ಜೋಡಿಸಿಬಿಟ್ಟಿದ್ರ ಬ್ಯಾಟರೀನ ಬೈದು ಉಪಯೋಗ ಇಲ್ಲ. ನಳ ಬಂದಾಗ ಕರೆಂಟು ಹೋತಂತ ನೀರಿನ ಮೋಟರನ್ನ ಅದಕ್ಕ ಹಚ್ಚಬ್ಯಾಡ್ರಿ. ಮೋಟರು ಶುರು ಆಗೋವಾಗ ಒಂದು ಕ್ಷಣ ಹಲವು ಪಟ್ಟು ಕರೆಂಟು ಎಳೀತದ, ಸಣ್ಣ ಇನ್ವರ್ಟರ್ ತಡಕೊಳ್ಳೂದಿಲ್ಲ.

ಮೂರು, ನೀರು. ಬ್ಯಾಟರಿ ಮ್ಯಾಲೆ ಆರು ಮುಚ್ಚಳ ಇರ್ತಾವ, ಟ್ಯೂಬ್ಯುಲರ್ ಬ್ಯಾಟರಿಗೆ ತೇಲೋ ಕಡ್ಡಿನೂ ಇರ್ತಾವ. ಎರಡು ತಿಂಗಳಿಗೊಮ್ಮೆ ನೋಡ್ರಿ, ಬ್ಯಾಸಗ್ಯಾಗ ತಿಂಗಳಿಗೊಮ್ಮೆ. ಪೂರ್ತಿ ಚಾರ್ಜ್ ಆದ ಮ್ಯಾಲೆ ಮ್ಯಾಲಿನ ಗುರುತಿನ ತನಕ ಹಾಕ್ರಿ, ಅದಕ್ಕಿಂತಾ ಹೆಚ್ಚಿಗೆ ಬ್ಯಾಡ. ಪಟ್ಟಿ ಒಣಗೋ ಮಟ್ಟ ಇಳದಿತ್ತಂದ್ರ ಮಾತ್ರ ಮೊದಲ ಮುಳುಗೋವಷ್ಟು ಹಾಕಿ, ಚಾರ್ಜ್ ಆದ ಮ್ಯಾಲೆ ಉಳಿದದ್ದು ತುಂಬ್ರಿ. ಖಂಡೇನವಮಿ ದಿನ ಬ್ಯಾಟರಿಗೆ ಕುಂಕುಮ ಹಚ್ಚಿ ಹೂವ ಏರಸ್ತಾರ, ವರ್ಷಗಟ್ಟಲೆ ಒಂದು ಬಾಟ್ಲಿ ನೀರು ಹಾಕಿರೂದಿಲ್ಲ! ಭಾಳ ಬ್ಯಾಟರಿ ವಯಸ್ಸಾಗಿ ಸಾಯೂದಿಲ್ಲ, ನೀರಡಿಸಿ ಸಾಯತಾವ.

ನಾಲ್ಕು, ತಂತಿ ಕೂಡೋ ಜಾಗ. ಅಲ್ಲಿ ಬಿಳಿ, ಹಸಿರು ಕಿಲುಬು ಹಿಡದಿದ್ರ ಕರೆಂಟು ಹರಿಯೂದಿಲ್ಲ. ನಮ್ಮ ಓಣ್ಯಾಗಿನ ಒಂದು ಮನ್ಯಾಗ ಹೊಸಾ ಬ್ಯಾಟರಿಗೆ ಮುಂಗಡ ಕೊಡೋವಷ್ಟರ ತನಕ ಬಂದಿತ್ತು. ಹಿರೇ ಮಿಸ್ತ್ರಿ ಒಬ್ಬರು ಬಂದು ಕಿಲುಬು ಕೆರೆದು ನಟ್ಟು ಬಿಗಿ ಮಾಡಿದ್ರು, ಅಂದು ಸಂಜಿಗೆ ಮೂರು ತಾಸು ಫ್ಯಾನ್ ನಡೀತು. ಮೊದಲ ಬಂದ ಹುಡುಗ ಮುಚ್ಚಳ ಸೈತ ತೆಗದು ನೋಡಿರಲಿಲ್ಲಂತ. ಕಿಲುಬು ತೆಗೀಲಿಕ್ಕೆ ಬೆಚ್ಚನ ನೀರಾಗ ಅಡಗಿ ಸೋಡಾ ಕಲಸಿ ಹಳೇ ಬ್ರಶ್ಶಿನಿಂದ ತಿಕ್ಕಬೇಕು. ಆ ಸೋಡಾ ನೀರು ಮುಚ್ಚಳದ ಒಳಗ ಒಂದು ಹನಿನೂ ಬೀಳಬಾರದು. ಒರೆಸಿ, ಒಣಗಿದ ಮ್ಯಾಲೆ ವ್ಯಾಸಲೀನ್ ಹಚ್ಚಿಬಿಡ್ರಿ.

ಐದು, ಅಳತಿ. ಕೆಲವು ನೂರು ರೂಪಾಯಿಗೆ ಮಲ್ಟಿಮೀಟರ್ ಬರ್ತದ, ಓಣಿಗೆ ಒಂದು ಇದ್ರೂ ಸಾಕು. ಪೂರ್ತಿ ಚಾರ್ಜ್ ಮಾಡಿ, ಇನ್ವರ್ಟರ್ ಆರಿಸಿ ಮೂರ್ನಾಲ್ಕು ತಾಸು ಬ್ಯಾಟರಿಗೆ ವಿಶ್ರಾಂತಿ ಕೊಟ್ಟು ಅಳೀರಿ. 12.6ರ ಮ್ಯಾಲಿದ್ರ ತುಂಬೇದ, 12.2 ಅಂದ್ರ ಅರ್ಧ, 12ರ ಕೆಳಗಂದ್ರ ಹೆಚ್ಚುಕಡಿಮಿ ಖಾಲಿ. ಎರಡು ಬ್ಯಾಟರಿ ಇದ್ರ ಬ್ಯಾರೆ ಬ್ಯಾರೆ ಅಳೀರಿ. ಪೂರ್ತಿ ತುಂಬಿದ ಮ್ಯಾಲೂ ಒಂದು ಫ್ಯಾನ್ ಹಚ್ಚಿದ ಕೆಲವು ನಿಮಿಷದಾಗ 11ರ ಕೆಳಗ ಬಿತ್ತಂದ್ರ ಅದರ ಕಥಿ ಮುಗೀತು, ಅಂಗಡಿ ಹುಡುಗ ಹೇಳಿದ್ದು ಖರೇನ. ಆವಾಗ ಸುಮ್ನ ಹೊಸಾದು ತಗೊಳ್ರಿ. ಹಳೇದನ್ನ ಗುಜರಿಗೆ ಹಾಕದ ಅಂಗಡಿಗೇ ತಿರುಗಿ ಕೊಡ್ರಿ. ಅದರಾಗಿನ ಸೀಸ ಮಣ್ಣಿಗೂ ಕೂಸುಗಳಿಗೂ ವಿಷ, ಮ್ಯಾಲೆ ಹೊಸಾದರ ರೇಟಿನ್ಯಾಗ ಒಂದಿಷ್ಟು ಮುರಕೊಳ್ತಾರ. ವಾರಂಟಿ ಕಾರ್ಡಿನ ಮ್ಯಾಲೆ ತಾರೀಖು, ಸಿಕ್ಕಾ ಹಾಕಿಸಿಕೊಳ್ಳೂದು ಬಿಡಬ್ಯಾಡ್ರಿ.

ಧೈರ್ಯ ಬೇಕು, ಹುಂಬತನ ಬ್ಯಾಡ. ಬ್ಯಾಟರಿ ಹತ್ರ ಹೋಗೋಕಿಂತ ಮೊದಲ ಪ್ಲಗ್ ತೆಗದು ಇನ್ವರ್ಟರ್ ಆರಿಸ್ರಿ. ಲೋಹದ ಬಳಿ, ಉಂಗುರ, ಜೋತು ಬೀಳೋ ತಾಳಿಸರ ತೆಗದಿಡ್ರಿ ಇಲ್ಲಾ ಸೆರಗಿನ ಒಳಗ ಸಿಗಿಸ್ರಿ. ಎರಡೂ ತುದಿಗೆ ಲೋಹ ತಾಗಿದ್ರ ಕಿಡಿ ಹಾರಿ ಕೈ ಸುಡ್ತದ. ನಟ್ಟು ಬಿಚ್ಚೂದಿದ್ರ ಕರಿ ತಂತಿ ಮೊದಲ, ಕೂಡಸೋವಾಗ ಕರಿ ತಂತಿ ಕಡೀಕ. ಚಾರ್ಜ್ ಆಗೋವಾಗ ಬರೂದು ಬೆಂಕಿ ಹತ್ತೋ ಗ್ಯಾಸು, ಅದಕ್ಕ ಬ್ಯಾಟರೀನ ದೇವರ ಜಗಲಿ ಬಾಜೂಕೂ, ಬಂದ್ ಕಪಾಟಿನ್ಯಾಗೂ ಇಡಬಾರದು. ಆಸಿಡ್ ಸಿಡದ್ರ ಹದಿನೈದಿಪ್ಪತ್ತು ನಿಮಿಷ ಹರಿಯೋ ನೀರಾಗ ತೊಳೀರಿ, ಕಣ್ಣಿಗಾದ್ರ ತೊಳದು ದವಾಖಾನಿಗೆ ಹೋಗ್ರಿ. ಕೊಳೆತ ತತ್ತಿ ವಾಸನಿ ಬಂದ್ರ, ಬ್ಯಾಟರಿ ಉಬ್ಬಿದ್ರ, ತಂತಿ ಸುಡೋವಷ್ಟು ಬಿಸಿ ಆದ್ರ ಮೇನ್ಸ್ ಆರಿಸಿ, ಕಿಟಕಿ ತೆಗದು, ಮಿಸ್ತ್ರೀನ ಕರೀರಿ. ಇನ್ವರ್ಟರಿನ ಡಬ್ಬಿ ಮಾತ್ರ ಎಂದೂ ಬಿಚ್ಚಬ್ಯಾಡ್ರಿ.

ಮನ್ಯಾಗ ಆಕ್ಸಿಜನ್ ಯಂತ್ರ ಇದ್ದವ್ರಿಗೆ ಒಂದು ಮಾತು. 5 ಲೀಟರಿನ ಯಂತ್ರ 300 ವ್ಯಾಟಿನ ಮ್ಯಾಲೆ ಎಳೀತದ. ಬ್ಯಾಟರಿ ಛಲೋ ಇದ್ದು ಬ್ಯಾರೆ ಎಲ್ಲಾ ಆರಿಸಿದ್ರೂ ಮೂರು ತಾಸಿನ ಆಸುಪಾಸು ಅಷ್ಟ ಅದರ ಭರವಸಿ. ಡಾಕ್ಟರನ್ನ ಕೇಳಿ ಒಂದು ತುಂಬಿದ ಸಿಲಿಂಡರ್ ಇಟ್ಟಕೊಳ್ರಿ. ಜೀವದ ವಿಷಯದಾಗ ಬ್ಯಾಟರೀನ ಒಂದನ್ನ ನಂಬಬಾರದು.

ವೈನಿ, ಕಾಕು, ಮಾಂಶಿ, ನೀವೆಲ್ಲಾ ಹಾಲಿನ ಲೆಕ್ಕಾ ಕ್ಯಾಲೆಂಡರಿನ ಮ್ಯಾಲೆ ಬರೀತೀರಲ್ಲಾ, ಅದರ ಬಾಜೂಕ ಇನ್ನೊಂದು ಗೆರಿ ಬರೀರಿ: ನೀರು ಯಾವತ್ತು ಹಾಕಿದೆ, ವೋಲ್ಟ್ ಎಷ್ಟಿತ್ತು. ಮುಂದಿನ ಸಲ ಯಾರಾದ್ರೂ ಬಂದು "ಬ್ಯಾಟರಿ ಹೋಗೇದ" ಅಂದ್ರ ಆ ಗೆರಿ ತೋರಿಸಿ ಕೇಳ್ರಿ: "ಹೋಗೇದಂತ ಹೆಂಗ ಗೊತ್ತಾತಪಾ, ಅಳದು ತೋರಸು." ಖರೇ ಕೆಲಸಾ ಬಲ್ಲಾಂವ ಅಳದು ತೋರಸ್ತಾನ.