ಪುಕ್ಕಟೆ ತಂತ್ರಾಂಶಕ್ಕೆ ದುಡ್ಡು ಕೊಡೋದು ಯಾವ ಲೆಕ್ಕಕ್ಕೆ?

ಕುಣಿಗಲ್ಲಿನ ಅಂಚೇಪಾಳ್ಯದಲ್ಲಿ ನನ್ನ ಗೆಳೆಯನದೊಂದು ಸಣ್ಣ ಪ್ಯಾಕಿಂಗ್ ಕಂಪನಿ ಇದೆ. ಆಫೀಸಿನಲ್ಲಿ ಇರೋದೆಲ್ಲ ಉಬುಂಟು, ಲಿಬ್ರೆಆಫೀಸ್. ಲೇಬಲ್ಲಿನ ಕನ್ನಡಕ್ಕೆ 'ಗುಬ್ಬಿ' ಫಾಂಟು. (ಗುಬ್ಬಿಯವನಾದ ನನಗೆ ಅದು ನಮ್ಮೂರಿನ ಹೆಸರು ಅಂತ ಹೆಮ್ಮೆ ಇತ್ತು. ಜೊತೆಗೆ 'ನವಿಲು' ಅನ್ನೋ ಫಾಂಟೂ ಇರೋದು ನೋಡಿದ ಮೇಲೆ, ಓಹೋ ಇದು ಹಕ್ಕಿ ಇರಬೇಕು ಅಂತ ಸುಮ್ಮನಾದೆ :-) )

"ಇಷ್ಟು ವರ್ಷ ಪುಕ್ಕಟೆ ಬಳಸಿದ್ದೀವಿ. ಕನ್ನಡಕ್ಕೆ ಇಂಥ ಕೆಲಸ ಮಾಡೋ ಯಾರಾದ್ರೂ ಹುಡುಗರಿಗೆ ಕಂಪನಿಯಿಂದ ಅರವತ್ತು ಸಾವಿರ ಕೊಡೋಣ ಕಣೋ" ಅಂದ. ತುಮಕೂರಿಗೆ ಹೋಗಿ ಆಡಿಟರನ್ನ ಕಂಡ್ವಿ. ಅವರು ಕೇಳಿದ್ದು ಒಂದೇ ಮಾತು: "ಯಾವ ಹೆಡ್ಡಿಗೆ ಬರ್ಕೊಳ್ಳಲಿ?"

ದಾನ ಅಂದರೆ, ತಗೊಳ್ಳುವವರು ದಾನದ ತೆರಿಗೆ ಕಡಿತಕ್ಕೆ ನೋಂದಣಿ ಇರುವ ಸಂಸ್ಥೆ ಆಗಿರಬೇಕಂತೆ. ರಾತ್ರಿ ಮನೆಯಲ್ಲಿ ಕೂತು ಕೋಡ್ ಬರೆಯುವ ಹುಡುಗನಿಗೆ ಅದೆಲ್ಲಿಂದ ಬರಬೇಕು? ಬಂದರೂ ಪ್ರಯೋಜನವಿಲ್ಲ. 2019ರಲ್ಲಿ ಬಂದ 22%ರ ಕಂಪನಿ ತೆರಿಗೆ ದರ ಆರಿಸಿಕೊಂಡವರಿಗೆ ದಾನದ ಕಡಿತವೇ ಸಿಗಲ್ಲ, ಗೆಳೆಯ ಆ ದರದಲ್ಲೇ ಇದ್ದಾನೆ. ವ್ಯಾಪಾರದ ಖರ್ಚು ಅಂತ ತೋರಿಸಿದರೆ? ಪೂರ್ತಿ ವ್ಯಾಪಾರಕ್ಕೇ ಆದದ್ದು ಅಂತ ಸಾಬೀತು ಮಾಡಬೇಕು. ಪುಕ್ಕಟೆ ಸಿಗೋದಕ್ಕೆ ಯಾಕೆ ದುಡ್ಡು ಕೊಟ್ಟಿರಿ ಅಂತ ಅಧಿಕಾರಿ ಕೇಳಿದರೆ ಏನು ಹೇಳೋದು? ಅದೇ ಅರವತ್ತು ಸಾವಿರ ಕೊಟ್ಟು ಲೈಸೆನ್ಸ್ ಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ, ಕಟ್ಟಿದ ಜಿಎಸ್‌ಟಿಗೆ ಕ್ರೆಡಿಟ್ಟೂ ಸಿಗ್ತಿತ್ತು. ನನಗೆ ಹೊಟ್ಟೆ ಉರಿದದ್ದು ಇಲ್ಲೇ.

ದೊಡ್ಡ ಕಂಪನಿಗಳಿಗೆ ಸಿಎಸ್‌ಆರ್ ಇದೆಯಲ್ಲ ಅನ್ನಬಹುದು. 2013ರ ಕಂಪನಿ ಕಾಯ್ದೆಯ ಏಳನೇ ಷೆಡ್ಯೂಲಿನಲ್ಲಿ ಹಸಿವು, ಶಿಕ್ಷಣ, ಕ್ರೀಡೆ ಎಲ್ಲ ಇದೆ, ಮುಕ್ತ ತಂತ್ರಾಂಶದ ಹೆಸರಿಲ್ಲ. ಶಿಕ್ಷಣದ ಬಾಲ ಹಿಡಿದೇ ಒಳಗೆ ನುಸುಳಬೇಕು. ಬೆಂಗಳೂರಿನ ಜೆರೋಧಾ 2024ರಲ್ಲಿ ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡ್ತೀವಿ ಅಂತ ನಿಧಿ ಶುರು ಮಾಡಿತು, ಸಂತೋಷ. ಅಂಥವರಿಗೆ ಕಾಗದ ಪತ್ರ ನೋಡಿಕೊಳ್ಳೋಕೆ ಜನ ಇರ್ತಾರೆ. ಅಂಚೇಪಾಳ್ಯದವನಿಗೆ ಯಾರಿದ್ದಾರೆ?

ಸುಳ್ಳು ರಸೀದಿ ದಾನಗಳ ಕಾಟ ನಮ್ಮಲ್ಲಿ ಇದೆ, ಹಾಗಾಗಿ ತೆರಿಗೆಯವರ ಅನುಮಾನವನ್ನು ನಾನು ತಪ್ಪು ಅನ್ನಲ್ಲ. ಆದರೆ ಕೋಡ್ ಎಲ್ಲರ ಕಣ್ಣೆದುರು ಬಿದ್ದಿರುತ್ತೆ, ಯಾರು ಯಾವತ್ತು ಏನು ಬರೆದರು ಅನ್ನೋದೂ ದಾಖಲಾಗಿರುತ್ತೆ. ತಾನು ಬಳಸುವ ಮುಕ್ತ ತಂತ್ರಾಂಶಕ್ಕೆ ಕಂಪನಿ ಕೊಟ್ಟ ಹಣ ವ್ಯಾಪಾರದ ಖರ್ಚೇ ಅಂತ ನೇರ ತೆರಿಗೆ ಮಂಡಳಿ ಒಂದು ಸುತ್ತೋಲೆ ಹೊರಡಿಸೋಕೆ ಏನು ಕಷ್ಟ?

ಕೊನೆಗೆ ಆಡಿಟರ್ರೇ ದಾರಿ ತೋರಿಸಿದರು. ದಾನ ಬೇಡ, ಕೆಲಸದ ಆರ್ಡರ್ ಕೊಡಿ. ಲೇಬಲ್ಲಿನಲ್ಲಿ ಒತ್ತಕ್ಷರ ಒಡೆಯೋದನ್ನ ಸರಿಮಾಡಿಸಿ, ಬಿಲ್ ತಗೊಂಡು, ಟಿಡಿಎಸ್ ಹಿಡಿದು ಕೊಡಿ ಅಂತ. ಒಬ್ಬ ಹುಡುಗ ಒಪ್ಪಿದ್ದಾನೆ. "ಬಿಲ್ ಹೇಗೆ ಬರೀಬೇಕು ಸಾರ್?" ಅಂತ ನನ್ನನ್ನೇ ಕೇಳ್ತಿದ್ದಾನೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಮಾದರಿ ಇದ್ದರೆ ಕಳಿಸಿ ಮಾರಾಯ್ರೇ.