ಬೇಲಿಯೇ ಎದ್ದು ಹೊಲ ಮೇಯ್ದರೆ

ಮಕ್ಕಳೇ, ಈ ವಾರ ಕಥೆಯಿಲ್ಲ, ಒಗಟೂ ಇಲ್ಲ. ಕಾಯಿಲೆಯ ಮಾತಿದೆ. ಮುಖ ಸಿಂಡರಿಸಬೇಡಿ. ನಿಮ್ಮ ತರಗತಿಯಲ್ಲೋ ಬೀದಿಯಲ್ಲೋ ಇಂಥ ಕಾಯಿಲೆಯವರು ಒಬ್ಬರಾದರೂ ಇರಬಹುದು. ನಮ್ಮ ಮನೆಯಲ್ಲಂತೂ ಇಬ್ಬರಿದ್ದೇವೆ. ಒಬ್ಬಳು ನಾನು, ಇನ್ನೊಬ್ಬಳು 11 ವರ್ಷದ ನನ್ನ ಮೊಮ್ಮಗಳು ಪುಟ್ಟಿ. ಇಬ್ಬರಿಗೂ ಎರಡೆರಡು ಕಾಯಿಲೆ.

ನನಗೆ ತೊನ್ನು ಮತ್ತು ಥೈರಾಯ್ಡ್. ಪುಟ್ಟಿಗೆ ಸಕ್ಕರೆ ಕಾಯಿಲೆ ಮತ್ತು ಗೋಧಿ ಆಗದ ಸೀಲಿಯಾಕ್ ಕಾಯಿಲೆ. ಒಂದು ಚರ್ಮದ್ದು, ಒಂದು ಕತ್ತಿನದು, ಒಂದು ಮೇದೋಜೀರಕ ಗ್ರಂಥಿಯದು, ಒಂದು ಕರುಳಿನದು. ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತದೆ, ಅಲ್ಲವೇ? ಆದರೆ ನಾಲ್ಕರ ಬೇರೂ ಒಂದೇ ಕಡೆ ಇದೆ.

ನಮ್ಮ ಮೈಯಲ್ಲಿ ಒಂದು ಕಾವಲುಪಡೆ ಇದೆ. ಹೊರಗಿನಿಂದ ರೋಗಾಣು ನುಗ್ಗಿದರೆ ಹಿಡಿದು ಕೊಲ್ಲುವುದು ಅದರ ಕೆಲಸ. ಯಾರು ಹೊರಗಿನವರು, ಯಾರು ನಮ್ಮವರು ಎಂಬ ಗುರುತು ಅದಕ್ಕೆ ಚೆನ್ನಾಗಿ ಗೊತ್ತಿರುತ್ತದೆ. ಕೆಲವರ ಮೈಯಲ್ಲಿ ಮಾತ್ರ ಆ ಗುರುತು ತಪ್ಪಿ, ಕಾವಲುಪಡೆ ನಮ್ಮ ಅಂಗದ ಮೇಲೇ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಡಾಕ್ಟರು ಇದನ್ನು ಆಟೋಇಮ್ಯೂನ್ ಕಾಯಿಲೆ ಅನ್ನುತ್ತಾರೆ.

ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನು ಮೇಯ್ದರೆ ತೊನ್ನು. ಇನ್ಸುಲಿನ್ ಮಾಡುವ ಕಣಗಳನ್ನು ಮೇಯ್ದರೆ ಮಕ್ಕಳಿಗೆ ಹೆಚ್ಚಾಗಿ ಬರುವ ಒಂದನೇ ಬಗೆಯ ಸಕ್ಕರೆ ಕಾಯಿಲೆ. ಗೋಧಿಯಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದಾಗಲೆಲ್ಲ ಕರುಳಿನ ಒಳಪದರವನ್ನು ಮೇಯ್ದರೆ ಸೀಲಿಯಾಕ್. ಕತ್ತಿನಲ್ಲಿ ಚಿಟ್ಟೆಯ ಆಕಾರದಲ್ಲಿರುವ ಗ್ರಂಥಿಯನ್ನು ಮೇಯ್ದರೆ ನನ್ನಂಥವರ ಥೈರಾಯ್ಡ್ ತೊಂದರೆ. ಈ ಕೊನೆಯದನ್ನು 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ಎಂಬ ತರುಣ ವೈದ್ಯರು ನಾಲ್ವರು ಹೆಂಗಸರಲ್ಲಿ ಕಂಡು ಬರೆದಿಟ್ಟರು. ಕಾರಣ ಆಗ ಯಾರಿಗೂ ತಿಳಿದಿರಲಿಲ್ಲ. ಇದು ಬೇಲಿಯದೇ ಕೆಲಸ ಎಂದು ಗೊತ್ತಾಗಿದ್ದು 1956ರಲ್ಲಿ, ಹಶಿಮೊಟೊ ತೀರಿಕೊಂಡು 22 ವರ್ಷ ಆದ ಮೇಲೆ.

ಒಂದು ಹೊಲಕ್ಕೆ ಬಾಯಿ ಹಾಕಿದ ಬೇಲಿ ಇನ್ನೊಂದಕ್ಕೂ ಹಾಕಬಹುದು. ಈ ಕಾಯಿಲೆಗಳಿಗೆ ಎಡೆ ಮಾಡಿಕೊಡುವ ವಂಶವಾಹಿಗಳಲ್ಲಿ ಕೆಲವು ಒಂದೇ ಆಗಿರುವುದರಿಂದ, ಒಂದು ಬಂದವರಿಗೆ ಇನ್ನೊಂದು ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು.

ಪುಟ್ಟಿಯ ಎರಡನೆಯದು ಪತ್ತೆಯಾಗಿದ್ದು ಹೀಗೆ. ಮೊದಲು ಬಂದದ್ದು ಸಕ್ಕರೆ ಕಾಯಿಲೆ. ಊಟಕ್ಕೆ ತಕ್ಕಷ್ಟು ಲೆಕ್ಕ ಹಾಕಿ ಇನ್ಸುಲಿನ್ ಕೊಟ್ಟರೂ ಅವಳ ಸಕ್ಕರೆ ಮತ್ತೆ ಮತ್ತೆ ಕೆಳಗೆ ಬೀಳುತ್ತಿತ್ತು. ಎತ್ತರವೂ ಬೆಳೆಯಲಿಲ್ಲ, ಹೊಟ್ಟೆ ಉಬ್ಬರ ಬೇರೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಆಮೇಲೆ ಕರುಳಿನ ಚೂರು ತೆಗೆದು ನೋಡಿದರು. ಕರುಳು ಸವೆದು ಊಟವೇ ಮೈಗೆ ಹತ್ತುತ್ತಿರಲಿಲ್ಲ. ಇನ್ಸುಲಿನ್ ಮಾತ್ರ ತನ್ನ ಕೆಲಸ ಮಾಡುತ್ತಿತ್ತು. ಹಿರಿಯರಿಗೆ ಇಲ್ಲೊಂದು ಮಾತು: ಅನುಮಾನ ಬಂತೆಂದು ಪರೀಕ್ಷೆಗೆ ಮೊದಲೇ ಗೋಧಿ ಬಿಡಿಸಬೇಡಿ. ಬಿಡಿಸಿದರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣಿಸದೆ ಹೋಗಬಹುದು.

ಕಾಯಿಲೆ ಒಂದೇ ಆದರೆ ಅದರ ಪಥ್ಯ ಕಲಿತರೆ ಆಯಿತು. ಎರಡಿದ್ದರೆ ಒಂದರ ಪಥ್ಯ ಇನ್ನೊಂದಕ್ಕೆ ಅಡ್ಡ ಬರುತ್ತದೆ. ‘ಸಕ್ಕರೆ ಕಾಯಿಲೆಯೇ? ಅನ್ನ ಬಿಡಿಸಿ, ಚಪಾತಿ ಕೊಡಿ’ ಅನ್ನುತ್ತಾರೆ ಬಂದವರು. ಪುಟ್ಟಿಗೆ ಚಪಾತಿಯೇ ವಿಷ. ಸರಿ, ಗೋಧಿ ಬೇಡವೆಂದು ಮೂರು ಹೊತ್ತೂ ಅಕ್ಕಿಯ ತಿಂಡಿ ಕೊಟ್ಟರೆ ಸಕ್ಕರೆ ಏರುತ್ತದೆ. ಅದಕ್ಕೇ ನಮ್ಮಲ್ಲಿ ರಾಗಿಮುದ್ದೆ, ಜೋಳದ ರೊಟ್ಟಿ, ಜೊತೆಗೆ ಕಾಳು, ಸೊಪ್ಪು. ಅದೂ ಅಳತೆ ಮಾಡಿ. ರಾಗಿಯನ್ನು ಗಿರಣಿಗೆ ಕಳಿಸುವುದಿಲ್ಲ. ಅಲ್ಲಿ ನಮಗಿಂತ ಮುಂಚೆ ಯಾರದೋ ಗೋಧಿ ಬೀಸಿರುತ್ತಾರೆ. ಅಂಗಡಿಯ ಇಂಗಿನ ಡಬ್ಬಿಯ ಮೇಲೂ ಕಣ್ಣಾಡಿಸುತ್ತೇವೆ. ಎಷ್ಟೋ ಇಂಗಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆ.

ನನ್ನದೂ ಸ್ವಲ್ಪ ಕೇಳಿ. ಥೈರಾಯ್ಡ್ ಮಾತ್ರೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿಯ ಹೆಸರೆತ್ತುವಂತಿಲ್ಲ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ 4 ಗಂಟೆಯಾದರೂ ಅಂತರ ಬೇಕು, ಹಾಗಾಗಿ ಅದು ರಾತ್ರಿಗೆ. ತೊನ್ನು ನೋಯುವುದಿಲ್ಲ, ನೋಯಿಸುವುದು ಜನರ ಕಣ್ಣು. ಬಸ್ಸಿನಲ್ಲಿ ನನ್ನ ಕೈ ನೋಡಿ ಪಕ್ಕದ ಸೀಟಿನಿಂದ ಎದ್ದು ಹೋದವರಿದ್ದಾರೆ. ತೊನ್ನು ಕುಷ್ಠವಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ. ಈ ನಾಲ್ಕರಲ್ಲಿ ಯಾವುದೂ ಅಂಟುವ ಕಾಯಿಲೆಯಲ್ಲ.

ಕಳೆದ ಶ್ರಾವಣದಲ್ಲಿ ನೆಂಟರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿದ್ದೆವು. ಪ್ರಸಾದ ಸಪಾದಭಕ್ಷ್ಯ. ಅದು ರವೆಯದು, ರವೆ ಎಂದರೆ ಗೋಧಿ. ಹಿರಿಯರೊಬ್ಬರು, ‘ದೇವರ ಪ್ರಸಾದ, ಒಂದು ಚೂರು ತಿಂದರೆ ಏನಾಗಲ್ಲ, ತಗೋ ಮಗು’ ಎಂದು ಕೈಗೆ ಹಾಕಿಯೇಬಿಟ್ಟರು. ಪುಟ್ಟಿ ಕಣ್ಣಿಗೊತ್ತಿಕೊಂಡಳು, ನನ್ನ ಕೈಗೆ ದಾಟಿಸಿದಳು, ಹಿತ್ತಲಿಗೆ ಹೋಗಿ ಕೈ ತೊಳೆದು ಬಂದು ತೀರ್ಥ ತೆಗೆದುಕೊಂಡಳು. ಪುರೋಹಿತರು, ‘ತೀರ್ಥ ತಗೊಂಡರೆ ಆಯ್ತಮ್ಮ’ ಅಂದರು. ಅಷ್ಟಕ್ಕೇ ಮುಗಿಯಲಿಲ್ಲ. ‘ಇಷ್ಟು ಚಿಕ್ಕದಕ್ಕೆ ಎರಡೆರಡೇ! ಯಾರು ಮಾಡಿದ ಪಾಪವೋ’ ಎಂದು ಅವಳ ಎದುರಿಗೇ ಒಬ್ಬರು ಲೊಚಗುಟ್ಟಿದರು.

ರಾತ್ರಿ ಪಕ್ಕದಲ್ಲಿ ಮಲಗಿದ್ದವಳು ಕೇಳಿದಳು:

“ಅಜ್ಜಿ, ನಾನೇನಾದ್ರೂ ತಪ್ಪು ಮಾಡಿದ್ನಾ?”

“ಇಲ್ಲ ಕಂದಾ. ನೀನೂ ಮಾಡಿಲ್ಲ, ನಿಮ್ಮಮ್ಮನೂ ಮಾಡಿಲ್ಲ. ಸಿಹಿ ತಿಂದಿದ್ದಕ್ಕೆ ಬಂದಿದ್ದೂ ಅಲ್ಲ.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೂರನೇದೂ ಬರುತ್ತಾ?” ಅಂದಳು.

ಬರಲ್ಲ ಅಂದುಬಿಡುವುದು ಸುಲಭವಿತ್ತು. ಆದರೆ ಮಕ್ಕಳಿಗೆ ಸುಳ್ಳು ಧೈರ್ಯ ಕೊಟ್ಟರೆ ನಾಳೆ ನಮ್ಮ ನಿಜವನ್ನೂ ಅವರು ನಂಬುವುದಿಲ್ಲ.

“ಬರಬಹುದು, ಬರದೇನೂ ಇರಬಹುದು. ಅದಕ್ಕೇ ಡಾಕ್ಟರು ಆಗಾಗ ನಿನ್ನ ಥೈರಾಯ್ಡ್ ಪರೀಕ್ಷೆ ಮಾಡಿಸೋದು. ಬಂದರೆ ಬೇಗ ಗೊತ್ತಾಗುತ್ತೆ, ಬೇಗ ಮಾತ್ರೆ ಶುರು ಮಾಡಬಹುದು. ನನಗೆ ಎರಡನೇದು ಬಂದು 20 ವರ್ಷ ಆಯ್ತು. ಮೂರನೇದು ಇನ್ನೂ ಬಂದಿಲ್ಲ.”

“ಹಾಗಾದ್ರೆ ನಾವಿಬ್ರೂ ಸಮಸಮ” ಎಂದು ಮಗ್ಗುಲು ಬದಲಿಸಿ ನಿದ್ದೆ ಹೋದಳು. ನನಗೆ ಮಾತ್ರ ನಿದ್ದೆ ಬರಲು ತಡವಾಯಿತು.

ಇನ್ಸುಲಿನ್ ಇಲ್ಲದ ಕಾಲವನ್ನು ನೆನೆಸಿಕೊಂಡೆ. ಆಗ ಇಂಥ ಮಕ್ಕಳು ಹೆಚ್ಚು ದಿನ ಉಳಿಯುತ್ತಿರಲಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಅದನ್ನು ಚುಚ್ಚಿದರು, ಅವನು ಚೇತರಿಸಿಕೊಂಡ. ಗೋಧಿಯ ಗುಟ್ಟು ತಿಳಿದದ್ದು ಇನ್ನೂ ಆಮೇಲೆ. ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಅವರಿಗೆ ಮೊದಲೇ ಅನುಮಾನವಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರೆಡ್ಡಿಗೆ ಬರ ಬಂದಾಗ ಸೀಲಿಯಾಕ್ ಮಕ್ಕಳು ಸುಧಾರಿಸಿದ್ದು ಕಂಡು ಅದು ಗಟ್ಟಿಯಾಯಿತು. 1950ರಲ್ಲಿ ಅವರು ಪ್ರಬಂಧ ಬರೆದು ಜಗತ್ತಿಗೆ ತಿಳಿಸಿದರು. ನಮ್ಮ ಪುಟ್ಟಿ ಇಂದು ಕುಣಿದಾಡುತ್ತಿರುವುದರ ಹಿಂದೆ ಇವರೆಲ್ಲ ಇದ್ದಾರೆ.

ಈಗ ನಿಮಗೆ ಕೆಲಸ. ಮಕ್ಕಳೇ, ಇಂಥ ಗೆಳತಿಗೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಕೈ ನಡುಗುತ್ತದೆ, ಬೆವರುತ್ತದೆ, ಮಾತು ತಡವರಿಸುತ್ತದೆ. ತಕ್ಷಣ ಟೀಚರಿಗೆ ಹೇಳಿ. ಅವಳನ್ನು ಒಂಟಿಯಾಗಿ ಎಲ್ಲಿಗೂ ಕಳಿಸಬೇಡಿ. ಸೀಲಿಯಾಕ್ ಕೂಡ ಇದ್ದರೆ ಬಿಸ್ಕತ್ತು ಕೊಡಬೇಡಿ, ಅದು ಮೈದಾ. ಗ್ಲೂಕೋಸ್ ಪುಡಿಯೋ ಸಕ್ಕರೆಯೋ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪುಟ್ಟಿಯ ಚೀಲದಲ್ಲಿ ಗ್ಲೂಕೋಸ್ ಪೊಟ್ಟಣ ಎಲ್ಲಿದೆ ಎಂದು ಅವಳ ಬೆಂಚಿನವರಿಗೆಲ್ಲ ಗೊತ್ತು. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ, ದೊಡ್ಡವರನ್ನು ಕರೆಯಿರಿ, ಆಸ್ಪತ್ರೆಗೆ ಹೋಗಬೇಕು.

ಅಜ್ಜ ಅಜ್ಜಿಯರೇ, ನಮ್ಮ ಪ್ರೀತಿ ತಿಂಡಿಯ ತಟ್ಟೆಯಲ್ಲೇ ಇರುತ್ತದೆ, ನನಗೂ ಗೊತ್ತು. ಮಗು ‘ಬೇಡ’ ಅಂದಾಗ ಒಂದೇ ಮಾತಿಗೆ ತಟ್ಟೆ ಹಿಂದಕ್ಕೆ ತೆಗೆದುಕೊಳ್ಳಿ. ಯಾಕೆ, ಏನು ಎಂದು ನಾಲ್ಕು ಜನರ ಮುಂದೆ ಕೇಳಬೇಡಿ. ಮುಂದಿನ ಸಲ ಆ ಮಗು ಬರುವಾಗ ಒಂದು ಬಟ್ಟಲು ಹುರಿದ ಕಡಲೆಬೀಜ ಇಟ್ಟಿರಿ. ಅದು ನಿಮ್ಮ ಮನೆಗೆ ಮತ್ತೆ ಮತ್ತೆ ಬರುತ್ತದೆ.