ಬುಡ ಬಿಟ್ಟು ಹೂ ಹಿಡಿದವರು

ಹನುಮಂತನಗರದ ರಾಮಾಂಜನೇಯ ಗುಡ್ಡದ ಮೇಲೆ ನಿಂತು ಮಾಘಮಾಸದ ಬೆಳಿಗ್ಗೆ ಸುತ್ತಲೂ ಕಣ್ಣಾಡಿಸಿದರೆ, ತಾರಸಿಗಳ ಮೇಲಿನ ನೀರಿನ ತೊಟ್ಟಿಗಳು, ಒಣಹಾಕಿದ ಬಟ್ಟೆಗಳು, ತಂತಿಗಳ ಸಿಕ್ಕು, ಇವುಗಳ ನಡುವೆ ಅಲ್ಲೊಂದು ಇಲ್ಲೊಂದು ಗುಲಾಬಿ ಬಣ್ಣದ ಗುಪ್ಪೆ ಕಾಣುತ್ತದೆ. ಎಲೆಯ ಸುಳಿವೇ ಇಲ್ಲದ ಕೊಂಬೆಯ ತುಂಬ ಹೂ. ಅದು ಕಂಡಂದಿನಿಂದ ಯುಗಾದಿ ಕಳೆಯುವವರೆಗೆ ನಮ್ಮ ಊರಿನಲ್ಲಿ ಮೊಬೈಲು ಎತ್ತದ ಕೈಯೇ ಇಲ್ಲ. ತೆಗೆದ ಚಿತ್ರ ಗಳಿಗೆಯೊಳಗೆ ಊರೆಲ್ಲ ಸುತ್ತಿಬರುತ್ತದೆ. ಅದರ ಅಡಿಯಲ್ಲಿ ಒಂದು ಒಕ್ಕಣೆಯೂ ಇರುತ್ತದೆ: ‘ಬೆಂಗಳೂರಿನ ಚೆರ್ರಿ ಹೂ’, ‘ನಮ್ಮೂರೇ ಜಪಾನು’, ‘ಉದ್ಯಾನನಗರಿಯ ಶರತ್ಕಾಲ’. ಇದು ಮುಗಿಯುವ ಹೊತ್ತಿಗೆ ಬೇಸಗೆ. ಚಾಮರಾಜಪೇಟೆಯಲ್ಲಿ ಚಪ್ಪರ ಏಳುತ್ತದೆ, ಕಛೇರಿಗಳು ಮೊದಲಾಗುತ್ತವೆ. ಹೂವಿಗೆ ಎದ್ದ ಕೈಗಳೇ ಅಲ್ಲಿಯೂ ಏಳುತ್ತವೆ.

ಚಿತ್ರ ತೆಗೆಯುವುದು ಪಾಪವೆಂದು ಸಾರಲು ಹೊರಟವರು ನಾವಲ್ಲ. ಛಾಯಾಚಿತ್ರ ಒಂದು ದೊಡ್ಡ ವಿದ್ಯೆ. ಅದು ಇಂದು ಎಲ್ಲರ ಅಂಗೈಗೂ ಬಂದಿರುವುದು ಸಂತೋಷದ ಸಂಗತಿಯೇ. ನಮ್ಮ ತಕರಾರು ಚಿತ್ರದೊಳಗೆ ಇರುವುದರ ಮೇಲಲ್ಲ, ಚೌಕಟ್ಟಿನ ಹೊರಗೆ ತಳ್ಳಿಬಿಡುವುದರ ಮೇಲೆ. ಮರದಲ್ಲಿ ಹೂವನ್ನು ಹಿಡಿದು ಬುಡವನ್ನು ಬಿಡುತ್ತೇವೆ. ಕಛೇರಿಯಲ್ಲಿ ಗಾಯಕರ ಮುಖವನ್ನು ಹಿಡಿದು ತಂಬೂರಿಯವರನ್ನು ಬಿಡುತ್ತೇವೆ. ಎರಡರಲ್ಲಿಯೂ ಹೆಸರನ್ನು, ದಿನವನ್ನು, ಜಾಗವನ್ನು ಬಿಡುತ್ತೇವೆ. ಹೀಗೆ ಬಿಟ್ಟದ್ದನ್ನೆಲ್ಲ ಒಟ್ಟುಗೂಡಿಸಿದರೆ ಅದೇ ಬೆಂಗಳೂರು. ಉಳಿದದ್ದು ಬರಿಯ ಬಣ್ಣ.

ಮೊದಲು ಈ ಶರತ್ಕಾಲದ ಮಾತನ್ನೇ ತೆಗೆದುಕೊಳ್ಳೋಣ. ಶರತ್ತೆಂದರೆ ಆಶ್ವಯುಜ, ಕಾರ್ತಿಕ. ಆ ದಿನಗಳಲ್ಲಿ ಲಂಡನ್ನಿನಲ್ಲಿಯೋ ನ್ಯೂಯಾರ್ಕಿನಲ್ಲಿಯೋ ಹಗಲು ಗಿಡ್ಡವಾಗಿ, ಚಳಿ ಏರಿ, ಎಲೆಯ ಹಸಿರು ಕರಗಿ, ಅದರ ಹಿಂದೆ ಅಡಗಿದ್ದ ಹಳದಿ ಹೊರಗೆ ಬಂದು, ಎಲೆ ಉದುರುತ್ತದೆ. ಬೆಂಗಳೂರಿನಲ್ಲಿಯಾದರೋ ಸೆಪ್ಟೆಂಬರ್, ಅಕ್ಟೋಬರ್ ಅತಿ ಹೆಚ್ಚು ಮಳೆ ಬೀಳುವ ತಿಂಗಳುಗಳು. ಹೊಟ್ಟೆ ತುಂಬ ನೀರುಂಡ ಮರ ಎಲೆಯನ್ನೇಕೆ ಉದುರಿಸೀತು? ನಮ್ಮಲ್ಲಿ ಎಲೆ ಉದುರುವುದು ಶಿಶಿರದಲ್ಲಿ, ಮಾಘ ಫಾಲ್ಗುಣಗಳಲ್ಲಿ. ಅದೂ ಚಳಿಗೆ ಹೆದರಿ ಅಲ್ಲ. ಮುಂದೆ ಬರುವ ಒಣದಿನಗಳಿಗಾಗಿ ಇರುವ ನೀರನ್ನು ಉಳಿಸಿಕೊಳ್ಳಲು. ಉದುರಿದ ಎಲೆಯನ್ನು ಗುಡಿಸಿ ಮುಗಿಸುವಷ್ಟರಲ್ಲಿ ಹೊಂಗೆ ಎಳೆಹಸಿರನ್ನು ಹೊದ್ದು ತಳತಳಿಸುತ್ತದೆ, ಬೇವು ಯುಗಾದಿಗೆ ಹೂ ಒದಗಿಸುತ್ತದೆ. ಮುಪ್ಪೂ ಎಳೆತನವೂ ಒಂದೇ ಬೀದಿಯಲ್ಲಿ ಒಂದೇ ತಿಂಗಳಲ್ಲಿ ಕಾಣುವ ಊರು ಇದು. ಇಂಥ ಸೊಗಸು ಮನೆಯಂಗಳದಲ್ಲಿಯೇ ಇರುವಾಗ ಪರದೇಶದ ಪಂಚಾಂಗವನ್ನು ತಂದು ಅಂಟಿಸುವುದೇಕೆ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ. ನಿಜವಾದ ಶರತ್ತಿನ ದೃಶ್ಯವೇ ಬೇಕೆನ್ನುವವರು ಕಾರ್ತಿಕದಲ್ಲಿ, ಬಸವನಗುಡಿ ಕಡಲೆಕಾಯಿ ಪರಿಷೆಗೆ ಎದುರುನೋಡುವ ದಿನಗಳಲ್ಲಿ, ಬೆಳಗಿನ ಆರು ಗಂಟೆಗೆ ಯಾವುದಾದರೊಂದು ಆಕಾಶಮಲ್ಲಿಗೆ ಮರದ ಕೆಳಗೆ ಹೋಗಿ ನಿಲ್ಲಲಿ. ನೀಳ ತೊಟ್ಟಿನ ಬಿಳಿಯ ಹೂ ನೆಲದ ತುಂಬ ಬಿದ್ದಿರುತ್ತದೆ. ಅದರ ಚಿತ್ರ ತೆಗೆಯುವವರು ಎಷ್ಟು ಮಂದಿ?

ಇನ್ನು ಚೆರ್ರಿ. ಗುಲಾಬಿ ಬಣ್ಣದ ಆ ಮರ ಟಬೆಬುಯಾ. ಮಧ್ಯ ಅಮೆರಿಕದ ಕಡೆಯಿಂದ ಬಂದದ್ದು. ಚೆರ್ರಿ ಗುಲಾಬಿಯ ಕುಟುಂಬಕ್ಕೆ ಸೇರಿದರೆ, ಟಬೆಬುಯಾ ನಮ್ಮ ಆಕಾಶಮಲ್ಲಿಗೆಗೂ ಪಾದರಿಗೂ ನಂಟ. ಮನೆಗೆ ಬಂದ ನೆಂಟನನ್ನು ಅವನದಲ್ಲದ ಹೆಸರಿನಿಂದ ಕೂಗುವುದು ಯಾವ ಮರ್ಯಾದೆ? ಅದು ಹೊರಗಿನಿಂದ ಬಂದ ಮರವೆಂದು ನಮಗೆ ಆಕ್ಷೇಪವಿಲ್ಲ. ಗುಲ್‌ಮೊಹರ್ ಮಡಗಾಸ್ಕರಿನಿಂದ ಬಂತು, ಜಕರಂಡ ದಕ್ಷಿಣ ಅಮೆರಿಕದಿಂದ ಬಂತು. ಅವನ್ನು ಹೊರಗಿನವೆನ್ನುವವರು ಇಂದು ಯಾರೂ ಇಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗೆಲ್, ವರ್ಷವಿಡೀ ಒಂದಲ್ಲ ಒಂದು ಬೀದಿಯಲ್ಲಿ ಹೂವಿರುವಂತೆ ಮರಗಳನ್ನು ಆರಿಸಿ ನೆಡಿಸಿದನೆಂಬುದು ಪ್ರಸಿದ್ಧವೇ ಆಗಿದೆ. ಆತ 1956ರಲ್ಲಿ ಇದೇ ಊರಿನಲ್ಲಿ ತೀರಿಕೊಂಡ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ಉಸ್ತುವಾರಿಯಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಟ್ಟರು. ಹೂ ತಾನಾಗಿ ಬಂದದ್ದಲ್ಲ. ಯಾರೋ ಯೋಚಿಸಿ ಗುಂಡಿ ತೋಡಿಸಿದರು, ಯಾರೋ ನೀರು ಹೊತ್ತರು. ಚೆರ್ರಿ ಎಂದು ಬರೆದ ಒಕ್ಕಣೆ ಈ ದುಡಿಮೆಯನ್ನೆಲ್ಲ ಒಂದೇ ಏಟಿಗೆ ಅಳಿಸಿಹಾಕುತ್ತದೆ.

ಹೂವಿನಿಂದ ಕಣ್ಣನ್ನು ಬುಡಕ್ಕೆ ಇಳಿಸಿದರೆ ಏನು ಕಾಣುತ್ತದೆ? ಕಾಂಡಕ್ಕೆ ತಾಗುವವರೆಗೆ ಬಳಿದ ಸಿಮೆಂಟು. ಬಾಡಿಗೆ ಕೋಣೆಯ ಜಾಹೀರಾತಿಗೆ ಹೊಡೆದ ಮೊಳೆ. ಕೇಬಲ್ಲಿನ ಸುರುಳಿ. ಚರಂಡಿ ಅಗೆಯುವಾಗ ಒಂದು ಮಗ್ಗುಲಿನಲ್ಲಿ ಕಡಿದುಹೋದ ಬೇರು. ದೆಹಲಿಯ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ, ಮರದ ಸುತ್ತ ಒಂದು ಮೀಟರಿನೊಳಗೆ ಇರುವ ಕಾಂಕ್ರೀಟನ್ನು ತೆಗೆಯಬೇಕೆಂದು ಆಜ್ಞೆಮಾಡಿತು. ಬೇರಿಗೆ ನೀರೂ ಗಾಳಿಯೂ ಬೇಕೆಂಬ ಸಾಮಾನ್ಯ ತಿಳಿವಳಿಕೆಯನ್ನು ಆಜ್ಞೆಯಾಗಿ ಹೊರಡಿಸಬೇಕಾದ ಕಾಲ ಬಂದಿದೆಯೆಂದಾಯಿತು. ಮುಂಗಾರಿನ ಮೊದಲ ಗಾಳಿಗೆ ಇಂಥ ಮರ ಬುಡಮೇಲಾಗಿ ಬಿದ್ದಾಗ ನಾವು ಮಳೆಯನ್ನು ಬೈಯುತ್ತೇವೆ. ಫೆಬ್ರವರಿಯಲ್ಲಿ ಅದೇ ಮರದ ಚಿತ್ರ ತೆಗೆದ ನೂರು ಮಂದಿಯಲ್ಲಿ ಒಬ್ಬರಾದರೂ ಬುಡವನ್ನೂ ಸೇರಿಸಿಕೊಂಡಿದ್ದರೆ, ತಪ್ಪು ಯಾರದೆಂದು ಹೇಳಲು ಒಂದು ಸಾಕ್ಷಿಯಾದರೂ ಉಳಿಯುತ್ತಿತ್ತು.

ಈಗ ಕಛೇರಿಗೆ ಬರೋಣ. ಎಸ್. ವಿ. ನಾರಾಯಣಸ್ವಾಮಿರಾಯರು 1939ರಲ್ಲಿ ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಬೆಂಗಳೂರಿನ ಬೇಸಗೆಗೆ ಒಂದು ರೂಪವನ್ನೇ ಕೊಟ್ಟಿತು. ಚಾಮರಾಜಪೇಟೆ ಕೋಟೆ ಹೈಸ್ಕೂಲಿನ ಅಂಗಳದ ಚಪ್ಪರದಲ್ಲಿ ಚೆಂಬೈ ವೈದ್ಯನಾಥ ಭಾಗವತರೂ ಎಂ. ಎಸ್. ಸುಬ್ಬುಲಕ್ಷ್ಮಿಯವರೂ ಹಾಡಿದ್ದಾರೆ. ಹನುಮಂತನಗರ, ಬಸವನಗುಡಿಗಳಿಂದ ನಡೆದೇ ಹೋಗಿ, ಕೋಸಂಬರಿ ಪಾನಕ ಸೇವಿಸಿ, ಬೇಸಗೆಯ ಮಳೆ ಚಪ್ಪರದ ಮೇಲೆ ತನಿಯಾವರ್ತನ ಬಾರಿಸುವಾಗಲೂ ಎದ್ದುಹೋಗದೆ ಕುಳಿತು ಕೇಳಿದ ಮನೆತನಗಳು ಇಲ್ಲಿ ಎಷ್ಟೋ ಇವೆ.

ಇಂದಿನ ಸಭೆಗಳಲ್ಲಿ ನಡೆಯುವುದು ಬೇರೆ. ಯಾವ ಸಭೆಯೆಂದು ಹೆಸರು ಹೇಳುವುದು ಬೇಡ, ಎಲ್ಲೆಡೆಯೂ ಒಂದೇ. ರಾಗಾಲಾಪನೆ ಮೆಲ್ಲಗೆ ಮೇಲೇರುತ್ತಿರುತ್ತದೆ. ಮುಂದಿನ ಸಾಲಿನಲ್ಲಿ ಹತ್ತು ಬೆಳಕಿನ ಚೌಕಗಳು ಒಮ್ಮೆಲೆ ಏಳುತ್ತವೆ. ಹಿಂದೆ ಕುಳಿತವರಿಗೆ ಗಾಯಕರ ಮುಖ ಕಾಣುವುದಿಲ್ಲ; ಆ ಚೌಕಗಳೊಳಗಿನ ಪುಟ್ಟ ಪುಟ್ಟ ಹತ್ತು ಮುಖಗಳು ಕಾಣುತ್ತವೆ. ಚಿತ್ರ ತೆಗೆದವರು ಅದನ್ನು ಯಾರಿಗೋ ಕಳುಹಿಸಿ ಉತ್ತರಕ್ಕಾಗಿ ಕಾಯುತ್ತಿರುವಾಗ ಪಲ್ಲವಿ ಮುಗಿದಿರುತ್ತದೆ. ಸಂಗೀತಕ್ಕೆ ಹೋಗಿದ್ದರೆಂಬುದಕ್ಕೆ ಪುರಾವೆ ಇದೆ, ಸಂಗೀತ ಕೇಳಿದರೆಂಬುದಕ್ಕೆ ಇಲ್ಲ.

ಇದು ನಮ್ಮ ದೇಶದ ರೋಗ ಮಾತ್ರವೆಂದು ತಿಳಿಯಬೇಕಾಗಿಲ್ಲ. ಇಟಲಿಯ ಪೆರೂಜಿಯಾ ಪಟ್ಟಣದಲ್ಲಿ ಪ್ರತಿ ಬೇಸಗೆಯೂ ಜಾಸ್ ಸಂಗೀತದ ದೊಡ್ಡ ಉತ್ಸವ ನಡೆಯುತ್ತದೆ. 2007ರಲ್ಲಿ ಅಲ್ಲಿ ಪಿಯಾನೋ ವಾದಕ ಕೀತ್ ಜ್ಯಾರೆಟ್ ನುಡಿಸುವುದಕ್ಕೆ ಮೊದಲೇ ಕ್ಯಾಮೆರಾ ಹಿಡಿದವರನ್ನು ಕಟುವಾದ ಮಾತಿನಲ್ಲಿ ಗದರಿಸಿದ. 2013ರಲ್ಲಿ ಮತ್ತೆ ಹೋದಾಗ ಮತ್ತೆ ಕ್ಯಾಮೆರಾ ಕಂಡು, ವೇದಿಕೆಯ ದೀಪ ಆರಿಸಿ ಕತ್ತಲಲ್ಲಿ ನುಡಿಸಿದ. ಆತನ ಮಾತಿನ ಒರಟುತನವನ್ನು ನಾವು ಮೆಚ್ಚಬೇಕಾಗಿಲ್ಲ. ಸಂಕಟ ಮಾತ್ರ ನಮಗೆ ಅರ್ಥವಾಗಬೇಕು. ಜಾಸ್ ಕೂಡ ನಮ್ಮ ಮನೋಧರ್ಮ ಸಂಗೀತದ ಹಾಗೆಯೇ, ಕೇಳುವವರ ಎದುರಿನಲ್ಲಿ ಆ ಕ್ಷಣ ಹುಟ್ಟುವಂಥದು. ಈ ನಂಟು ಬಾಯಿಮಾತಿನದಲ್ಲ. ನಮ್ಮ ಬೆಂಗಳೂರಿನ ಕರ್ನಾಟಕ ತಾಳವಾದ್ಯ ಕಾಲೇಜಿನವರೂ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಅವರೂ ಕೂಡಿ ನುಡಿಸಿದ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ 1983ರಷ್ಟು ಹಿಂದೆಯೇ ಬಂದಿತ್ತು. ಕ್ಷಣದಲ್ಲಿ ಹುಟ್ಟುವ ಸಂಗೀತಕ್ಕೆ ಕೇಳುಗನ ಗಮನವೂ ಒಂದು ಶ್ರುತಿ. ಅದನ್ನು ಹತ್ತು ಚೌಕಗಳಾಗಿ ಒಡೆದರೆ ಶ್ರುತಿ ತಪ್ಪುತ್ತದೆ.

ಇಷ್ಟು ಗದ್ದಲ ಮಾಡಿ ತೆಗೆದ ಚಿತ್ರದಲ್ಲಿ ಇರುವುದಾದರೂ ಏನು? ಎತ್ತಿದ ಕೈ, ಮುಚ್ಚಿದ ಕಣ್ಣು, ಹಿಂದೆ ಜಾಹೀರಾತಿನ ಪರದೆ. ಪಿಟೀಲಿನವರ ಕಮಾನು ಅರ್ಧ. ಮೃದಂಗದ ಒಂದೇ ಮುಖ. ಮೂರು ಗಂಟೆ ಬೆನ್ನು ನೆಟ್ಟಗೆ ಮಾಡಿ ತಂಬೂರಿ ಮೀಟಿದ ಹುಡುಗಿಯ ನಾಲ್ಕು ಬೆರಳು. ಪಕ್ಕವಾದ್ಯವನ್ನು ಕತ್ತರಿಸಿದರೆ ಕಳೆದುಹೋಗುವುದು ಎಷ್ಟೆಂದು ಮೈಸೂರಿನವರಿಗೆ ವಿವರಿಸಬೇಕಾಗಿಲ್ಲ. ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲನ್ನು ನುಡಿಸಿದವರು. ಅವರು ಪಕ್ಕದಲ್ಲಿ ಕುಳಿತ ಕಛೇರಿಯೊಂದರಲ್ಲಿ ಛಾಯಾಗ್ರಾಹಕ ಗಾಯಕರನ್ನು ಮಾತ್ರ ಹಿಡಿದಿದ್ದರೆ, ಆ ಪಿಟೀಲಿನ ತಂತಿಯನ್ನು ಮೊಮ್ಮಕ್ಕಳು ಎಲ್ಲಿ ಎಣಿಸಬೇಕು?

ಇಲ್ಲಿಯೇ ಹೆಸರು, ದಿನ, ಜಾಗಗಳ ಮಾತು ಬರುತ್ತದೆ. ಈ ಹಳೆಯ ಬಡಾವಣೆಗಳ ಮನೆಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆ ತೆರೆದರೆ ಕಛೇರಿಯ ಕಪ್ಪುಬಿಳುಪು ಚಿತ್ರಗಳು ಸಿಕ್ಕುತ್ತವೆ. ಹಿಂಬದಿಯಲ್ಲಿ ಒಂದಕ್ಷರವೂ ಇರುವುದಿಲ್ಲ. ಘಟದವರು ಯಾರು, ವರ್ಷ ಯಾವುದು? ಗುರುತು ಹಿಡಿಯಬಲ್ಲ ಅಜ್ಜ ಹೋದಮೇಲೆ ಅದು ಬರಿಯ ಕಾಗದ. ಪ್ಯಾರಿಸ್ಸಿನಲ್ಲಿ ಅಟ್ಜೆ ಎಂಬ ಬಡ ಛಾಯಾಗ್ರಾಹಕನೊಬ್ಬ 1927ರಲ್ಲಿ ಸಾಯುವವರೆಗೆ ಸುಮಾರು ಮೂವತ್ತು ವರ್ಷ ಭಾರದ ಕ್ಯಾಮೆರಾ ಹೊತ್ತು ಹಳೆಯ ಬೀದಿ, ಅಂಗಡಿ, ಮರ, ಮೆಟ್ಟಿಲುಗಳ ಚಿತ್ರ ತೆಗೆದ. ತಾನು ಮಾಡುತ್ತಿರುವುದು ಕಲೆಯೆಂದು ಬೀಗಲಿಲ್ಲ, ದಾಖಲೆಯೆಂದೇ ಕರೆದ. ಜಾಗದ ಹೆಸರನ್ನು ತಪ್ಪದೆ ಗುರುತು ಹಾಕಿಟ್ಟ. ಆ ಊರಿನ ಗ್ರಂಥಾಲಯಗಳು ಅವನ್ನು ಕೊಂಡಿಟ್ಟುಕೊಂಡವು; ಅಳಿದುಹೋದ ಪ್ಯಾರಿಸ್ಸು ಇಂದು ಅಲ್ಲಿ ಉಳಿದಿದೆ. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ತಮ್ಮ ನೆನಪುಗಳ ಪುಸ್ತಕಕ್ಕೆ ‘ಕಾಲಕ್ಕೆ ಕನ್ನಡಿ’ ಎಂದು ಹೆಸರಿಟ್ಟರು. ಕನ್ನಡಿ ತನಗೆ ಬೇಕಾದುದನ್ನು ಮಾತ್ರ ತೋರಿಸುವುದಿಲ್ಲ, ಎದುರಿಗಿರುವುದನ್ನೆಲ್ಲ ತೋರಿಸುತ್ತದೆ.

‘ಹೂವಿನ ಚಿತ್ರ ನೋಡಿ ನಾಲ್ಕು ಜನಕ್ಕೆ ಮರದ ಮೇಲೆ ಪ್ರೀತಿ ಹುಟ್ಟಿದರೆ ನಿಮಗೇನು ಹೊಟ್ಟೆಯುರಿ?’ ಎಂದು ಕೇಳುವವರಿದ್ದಾರೆ. ಪ್ರೀತಿ ಹುಟ್ಟಲಿ, ಅದು ಕೆಲಸಕ್ಕೂ ಬರಲಿ ಎಂಬುದೇ ನಮ್ಮ ಪ್ರಾರ್ಥನೆ. 2009ರಲ್ಲಿ ಮೆಟ್ರೋ ರೈಲಿಗಾಗಿ ಜಯನಗರದ ನಂದಾ ಟಾಕೀಸು ರಸ್ತೆಯ ಮರಗಳು ಉರುಳಿದವು. ಜನ ಬೀದಿಗಿಳಿದರು, ಮರ ಉಳಿಯಲಿಲ್ಲ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಕಟ್ಟುವ ಯೋಜನೆ ಬಂದಾಗ ಎಲ್ಲರ ನಾಲಿಗೆಯ ಮೇಲೂ ನಿಂತದ್ದು ಒಂದು ಲೆಕ್ಕ: ಕಡಿಯಬೇಕಾದ ಮರ 812. ಅಕ್ಟೋಬರ್ 16ರಂದು ಜನ ಕೈಕೈ ಹಿಡಿದು ಸರಪಳಿಯಾಗಿ ನಿಂತರು. ಮರುವರ್ಷ ಮಾರ್ಚಿಯಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಇಂತಿಷ್ಟು ಮರ, ಇಂಥ ರಸ್ತೆ ಎಂದು ಖಚಿತವಾಗಿ ಹೇಳಬಲ್ಲ ಪ್ರೀತಿಗೆ ಬಲವಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಗೆ ಆಮೇಲೆ ಸೇರಿದ ತಿದ್ದುಪಡಿಯಂತೆ, 50ಕ್ಕಿಂತ ಹೆಚ್ಚು ಮರ ಕಡಿಯುವಾಗ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಆ ಆಕ್ಷೇಪಣೆಯೊಂದಿಗೆ ‘ನಮ್ಮೂರೇ ಜಪಾನು’ ಎಂಬ ಚಿತ್ರವನ್ನು ಲಗತ್ತಿಸಲಾದೀತೆ? ಬುಡದಿಂದ ತುದಿಯವರೆಗೆ ಕಾಣುವ, ದಿನವೂ ಅಡ್ಡರಸ್ತೆಯ ಸಂಖ್ಯೆಯೂ ಬರೆದಿರುವ ಚಿತ್ರವಾದರೆ ಅಧಿಕಾರಿ ಅದನ್ನು ನೋಡಲೇಬೇಕು.

ಆದ್ದರಿಂದ ಛಾಯಾಗ್ರಾಹಕ ಮಹಾಶಯರಲ್ಲಿ ನಮ್ಮ ಬೇಡಿಕೆ ಬಹಳ ಸಣ್ಣದು. ಹೂ ಬಿಟ್ಟ ದಿನ ತೆಗೆದ ಮರವನ್ನು ಎಲೆ ಉದುರಿದ ದಿನವೂ ಆಷಾಢದ ಗಾಳಿಯ ದಿನವೂ ಒಮ್ಮೊಮ್ಮೆ ತೆಗೆಯಿರಿ, ಬುಡ ಸಹಿತ. ಕಛೇರಿಯಲ್ಲಿ ವರ್ಣ ಮುಗಿಯುವುದರೊಳಗೆ ನಿಮ್ಮ ಚಿತ್ರ ಮುಗಿಯಲಿ, ತಂಬೂರಿ ಸಹಿತ. ಆಮೇಲೆ ಮೊಬೈಲು ಜೇಬಿನಲ್ಲಿರಲಿ, ಕಿವಿ ತೆರೆದಿರಲಿ. ಸಭೆ ನಡೆಸುವವರು ಇದನ್ನು ವಿನಂತಿಯಾಗಿ ಅಲ್ಲ, ನಿಯಮವಾಗಿಯೇ ಸಾರಲಿ. ಪ್ರತಿ ಚಿತ್ರದ ಅಡಿಯಲ್ಲಿ ಹೆಸರು, ದಿನ, ಜಾಗ ಇರಲಿ. ಮೂರು ಪದ ಬರೆಯಲು ಬೇಕಾದ ವಿದ್ಯೆ ನಮ್ಮ ಊರಿನಲ್ಲಿ ಯಾರಿಗೂ ಕಡಿಮೆಯಿಲ್ಲ. ಅಷ್ಟನ್ನೂ ಮಾಡಲಾರದವರು ಈ ಊರಿನ ಚಿತ್ರ ತೆಗೆದೆವೆಂದು ಹೇಳಿಕೊಳ್ಳದಿರಲಿ. ಅವರು ತೆಗೆದದ್ದು ತಮ್ಮ ಬಿಡುವಿನ ಚಿತ್ರ.